ಹೆಮ್ಮಿಗೆಯ ಪಿಕಪ್ಪೂ ಕುಣಿಯುವ ಮುಳ್ಳೂ

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನ್ನ ಮನೆ ಹತ್ತಿರ ಬಂದು ಒಂದು ಪ್ರಶ್ನೆ ಕೇಳುತ್ತಾರೆ. ಹಳೇ ಪಿಕಪ್ಪಿನಲ್ಲಿ ಆಯಿಲ್ ಪ್ರೆಷರ್ ಮುಳ್ಳು ಒಂದು ಕಡೆ ನಿಲ್ಲದೆ ಕುಣಿಯುತ್ತಿದೆ, ಎಂಜಿನ್ ಇಳಿಸಬೇಕಾ, ಬೇಡವಾ? ತಿ. ನರಸೀಪುರದ ಷೆಡ್ಡಿಗೆ ಬಾಗಿಲು ಹಾಕಿ, ಉಗುರಿನ ಸಂದಿಯ ಗ್ರೀಸು ಹೋಗುವ ತನಕ ಕೈ ತೊಳೆದು ಮನೆಯಲ್ಲಿ ಕೂತ ಮೇಲೂ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬಂದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಓದಿಕೊಳ್ಳುತ್ತಾರೆ, ನನಗೂ ಮಧ್ಯಾಹ್ನದ ನಿದ್ದೆ ಉಳಿಯುತ್ತದೆ.

ಮೊದಲು ವಿಷಯ ತಿಳಿದುಕೊಳ್ಳಿ. ಎಂಜಿನ್ನಿನೊಳಗೆ ಎಣ್ಣೆ ಒತ್ತಡದಲ್ಲಿ ಓಡಾಡುತ್ತಿರಬೇಕು. ಮನುಷ್ಯನಿಗೆ ಬಿ.ಪಿ. ಇದ್ದ ಹಾಗೆ. ಅದು ಬಿದ್ದುಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ತಿರುಗದೆ ಹಿಡಿದುಕೊಳ್ಳುತ್ತದೆ. ಆ ಒತ್ತಡ ಎಷ್ಟಿದೆ ಎಂದು ತಿಳಿಯಲು ಎಂಜಿನ್ನಿಗೆ ಒಂದು ಸೆನ್ಸರ್ ಬಿಗಿದಿರುತ್ತಾರೆ. ಅದರಿಂದ ಒಂದೇ ಒಂದು ತಂತಿ ಡ್ರೈವರ್ ಮುಂದಿನ ಮೀಟರಿಗೆ ಹೋಗುತ್ತದೆ. ಕರೆಂಟು ವಾಪಸ್ಸು ಬರುವುದಕ್ಕೆ ಬೇರೆ ತಂತಿ ಇಲ್ಲ. ಎಂಜಿನ್ನಿನ ಕಬ್ಬಿಣ, ಗಾಡಿಯ ಬಾಡಿ, ಇದೇ ಅದಕ್ಕೆ ದಾರಿ. ಅಂದರೆ ಎಣ್ಣೆಗೂ ಮುಳ್ಳಿಗೂ ನಡುವೆ ಹಲವು ಜನ ನಿಂತಿದ್ದಾರೆ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ನಾನು ಕೆಲಸ ಕಲಿತದ್ದು ನಂಜನಗೂಡಿನಲ್ಲಿ, ಬಾಷಾ ಉಸ್ತಾದರ ಹತ್ತಿರ. ಗಾಡಿ ಬಂದ ಕೂಡಲೇ ಅವರು ಬಾನೆಟ್ ಎತ್ತುತ್ತಿರಲಿಲ್ಲ. ಡ್ರೈವರಿಗೆ ಟೀ ತರಿಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಯಾರು ಕೈ ಹಾಕಿದ್ದರು, ಏರಿನಲ್ಲಿ ಹೆಚ್ಚೋ ಇಳಿಜಾರಿನಲ್ಲೋ, ಹೀಗೆ ಮದುವೆ ಸಂಬಂಧ ವಿಚಾರಿಸುವವರ ಹಾಗೆ ಕೇಳುತ್ತಿದ್ದರು. ಲೋಟ ಖಾಲಿಯಾಗುವ ಹೊತ್ತಿಗೆ ಅರ್ಧ ಕಾಯಿಲೆ ಹೊರಗೆ ಬಿದ್ದಿರುತ್ತಿತ್ತು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಬೈಗುಳ ಅವರ ಬಾಯಲ್ಲಿ ಬಹಳ ಕಡಿಮೆ. ಸಿಟ್ಟು ಬಂದರೆ ನಮ್ಮ ಕೈಯ ಸ್ಪ್ಯಾನರು ಕಿತ್ತುಕೊಂಡು ಟೀ ತರಲು ಕಳಿಸುತ್ತಿದ್ದರು, ಅಷ್ಟೇ. ಆ ಅವಮಾನ ಸಾಕಾಗಿತ್ತು.

ಅಂಥ ಉಸ್ತಾದರೂ ಒಂದು ಸಲ ಏಮಾರಿದರು. ಒಂದು ಅಕ್ಕಿ ಗಿರಣಿಯ ಗಾಡಿ ಬ್ರೇಕ್ ಕೆಲಸಕ್ಕೆ ಬಂದಿತ್ತು. ಕೆಲಸ ಮುಗಿಸಿ ಕಳಿಸುವಾಗ ಉಸ್ತಾದರು ಮೀಟರ್ ಕಡೆ ಕಣ್ಣು ಹಾಯಿಸಿ, ಮುಳ್ಳು ರಾಜನ ಹಾಗೆ ನಡುವೆ ಕೂತಿದೆ, ಧೈರ್ಯವಾಗಿ ಹೋಗು ಎಂದರು. ತಲಕಾಡು ಮುಟ್ಟುವ ಮುಂಚೆಯೇ ಎಂಜಿನ್ ಹಿಡಿದುಕೊಂಡಿತು. ಕೆಳಗಿನ ಬಿರಡೆ ಸಡಿಲವಾಗಿ ಎಣ್ಣೆಯೆಲ್ಲ ದಾರಿಯುದ್ದಕ್ಕೂ ಚೆಲ್ಲಿಹೋಗಿತ್ತು. ಹಗ್ಗ ಕಟ್ಟಿ ಎಳೆದು ತಂದ ಗಾಡಿಯ ಬಾಗಿಲು ತೆಗೆದು ನೋಡುತ್ತೇವೆ, ಕೀ ಇಲ್ಲ, ಎಣ್ಣೆ ಇಲ್ಲ, ಮುಳ್ಳು ಮಾತ್ರ ಅದೇ ರಾಜಠೀವಿಯಲ್ಲಿ ನಡುವೆ ಕೂತಿದೆ. ಮೀಟರ್ ಒಳಗೇ ಅದು ಎಂದೋ ಸಿಕ್ಕಿಕೊಂಡುಬಿಟ್ಟಿತ್ತು. ಉಸ್ತಾದರು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಸತ್ತೋನಿಗೆ ಬಿ.ಪಿ. ನಾರ್ಮಲ್ ಅಂತ ಬರ್ಕೊಟ್ಟೆ ಕಣೋ ರಾಚಾ" ಎಂದರು. ಆ ಎಂಜಿನ್ನನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ತಾವೇ ಬಿಚ್ಚಿ ಕಟ್ಟಿದರು. ಕೂಲಿ ಕೇಳಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿಯಾಯಿತು. ಯಾವ ಗಾಡಿ ಬರಲಿ, ಕೀ ತೆಗೆದ ಮೇಲೆ ಮುಳ್ಳು ಮಲಗುತ್ತದೆಯೋ ಇಲ್ಲವೋ ಎಂದು ಮೊದಲು ನೋಡುವುದು. ಮಲಗದ ಮುಳ್ಳಿನ ಮಾತು ಕೇಳಲೇಬಾರದು.

ಹಳೇ ಗಾಡಿ ಕೊಳ್ಳುವವರಿಗೂ ಇಲ್ಲೇ ಒಂದು ಮಾತು ಸೇರಿಸಿಬಿಡುತ್ತೇನೆ. ವ್ಯಾಪಾರಕ್ಕೆ ಹೋದಾಗ ಮಾರುವವನ ಮುಖ ನೋಡಬೇಡಿ. ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಗಟ್ಟಿ, ಆಗ ಎಂಥ ಸವೆದ ಎಂಜಿನ್ನಿನಲ್ಲೂ ಮುಳ್ಳು ಎದೆ ಉಬ್ಬಿಸಿ ನಿಲ್ಲುತ್ತದೆ. ಮಾರುವವನು ಅದನ್ನು ತೋರಿಸಿ ಬೇಗ ಆಫ್ ಮಾಡಿಸುತ್ತಾನೆ. ನೀವು ಅವಸರ ಮಾಡಬೇಡಿ. ಗಾಡಿ ಓಡುತ್ತಲೇ ಇರಲಿ ಎಂದು ಹೇಳಿ ಟೀ ತರಿಸಿ, ಅವರ ಊರಿನ ಮಳೆ ಬೆಳೆ ವಿಚಾರಿಸಿ. ಎಂಜಿನ್ ಕಾದು ಎಣ್ಣೆ ತೆಳ್ಳಗಾದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೋ ಅದು ಅದರ ನಿಜವಾದ ಜಾಗ. ಬೆಲೆ ಮಾತಾಡುವುದು ಆಮೇಲೆ. ನಾನು ಇಷ್ಟು ವರ್ಷ ಜನರಿಗೆ ಗಾಡಿ ಕೊಡಿಸಿದ್ದೂ ಮಾರಿಸಿದ್ದೂ ಈ ಒಂದು ಟೀಯ ಬಲದಿಂದ.

ಉಸ್ತಾದರ ಕಾಲದಲ್ಲಿ ಕಿವಿಯೇ ಎಲ್ಲ. ನಾನು ಸ್ವಂತ ಷೆಡ್ಡು ಹಾಕಿದ ಮೇಲೆ ಮೈಸೂರಿನ ಗುಜರಿ ಸಾಲಿನಲ್ಲಿ ಒಂದು ಕೈಗೇಜು ಸಿಕ್ಕಿತು. ಹಿತ್ತಾಳೆ ಕೊಳವೆ, ತುದಿಯಲ್ಲಿ ಗಡಿಯಾರದಂಥ ಮುಖ. ತಂತಿ ಇಲ್ಲ, ಕರೆಂಟು ಇಲ್ಲ, ಎಣ್ಣೆಯೇ ನೇರವಾಗಿ ಬಂದು ಮುಳ್ಳನ್ನು ತಳ್ಳುತ್ತದೆ. ಮಾರುವವನಿಗೆ ಅದು ಯಾತಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಈಗಿನ ಹುಡುಗರು ಸ್ಕ್ಯಾನರ್ ಚುಚ್ಚಿ ಪರದೆಯ ಮೇಲೆ ಎಲ್ಲ ಓದುತ್ತಾರೆ. ಒಳ್ಳೆಯದೇ, ಇದ್ದರೆ ನಾನೂ ಇಟ್ಟುಕೊಳ್ಳುತ್ತಿದ್ದೆ. ಆದರೆ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಪಿಕಪ್ಪುಗಳಿಗೆ ಅದನ್ನು ಚುಚ್ಚುವ ಜಾಗವೇ ಇಲ್ಲ. ಅವುಗಳನ್ನು ಕೇಳಿಯೇ ತಿಳಿಯಬೇಕು.

ಹಾಗೆ ಕೇಳಿ ತಿಳಿದ ಒಂದು ಗಾಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಷೆಡ್ಡು ಮುಚ್ಚುವುದಕ್ಕೆ ಸ್ವಲ್ಪ ದಿನ ಮುಂಚೆ ನಡೆದದ್ದು.

ಹೆಮ್ಮಿಗೆಯ ಮಹದೇವಸ್ವಾಮಿ ಮತ್ತು ಅವರ ಹೆಂಡತಿ ರತ್ನಮ್ಮ ಶಾಮಿಯಾನ, ಅಡಿಗೆ ಪಾತ್ರೆ ಬಾಡಿಗೆ ಕೊಡುವವರು. ಸುತ್ತಮುತ್ತ ಎಲ್ಲಿ ಮದುವೆಯ ಬೀಗರೂಟವಾದರೂ ಇವರ ಕೊಳಗ, ಇವರ ಹಂಡೆ. ಇವರ ಪಾತ್ರೆ ಎಂದರೆ ಮುಖ ಕಾಣಬೇಕು, ಹಾಗೆ ಬೆಳಗುತ್ತಾರೆ. ಅದನ್ನೆಲ್ಲ ಹೊರುವುದು ಒಂದು ಹಳೇ ಪಿಕಪ್ಪು. ಮಹದೇವಸ್ವಾಮಿ ಓಡಿಸುವುದು, ರತ್ನಮ್ಮ ಎಡಗಡೆ ಕೂರುವುದು. ಹಿಂದೆ ಪಾತ್ರೆಗಳ ಸದ್ದಿನಲ್ಲಿ ಎಂಜಿನ್ನಿನ ಸದ್ದು ಅವರಿಗೆ ಎಂದೂ ಕೇಳಿಸಿದ್ದೇ ಇಲ್ಲ. ಅವರಿಗೆ ಇದ್ದದ್ದು ಮೀಟರಿನ ಮುಳ್ಳು ಒಂದೇ.

ಆ ಮುಳ್ಳು ಕುಣಿಯಲು ಶುರುಮಾಡಿತು. ಒಮ್ಮೆ ಮೇಲೆ, ಒಮ್ಮೆ ಸೊನ್ನೆಗೆ. ಎಣ್ಣೆ ಬದಲಾಯಿಸಿದರು, ಫಿಲ್ಟರ್ ಬದಲಾಯಿಸಿದರು, ನಿಲ್ಲಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಗೊಣಗುತ್ತಿದೆ ಎಂದು ಬ್ಯಾಟರಿಯನ್ನೂ ಹೊಸದು ಹಾಕಿಸಿದರು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಹೊಸದು ಹಾಕಿ ನೋಡಿದರು, ಆಗಲೂ ಕುಣಿಯಿತು. ಸೆನ್ಸರ್ ಹೊಸದಾದ ಮೇಲೆ ಮುಳ್ಳು ಹೇಳುವುದು ನಿಜವೇ ಇರಬೇಕು, ಬೇರಿಂಗು ಸವೆದಿದೆ, ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಬೇಕು, ಈ ಗಾಡಿಗೆ ಅದು ದಂಡ, ಮಾರಿಬಿಡಿ ಎಂದು ಅವರು ಹೇಳಿದರು. ಅವರನ್ನು ದೂರುವ ಹಾಗಿಲ್ಲ. ಲೆಕ್ಕ ಹಾಗೇ ಕಾಣುತ್ತದೆ.

ಮಹದೇವಸ್ವಾಮಿ ನಂಜನಗೂಡಿನ ಹಳೇ ಗಾಡಿ ವ್ಯಾಪಾರಿ ಕೆಂಪಣ್ಣನಿಗೆ ಮಾತು ಕೊಟ್ಟುಬಿಟ್ಟರು. ಕೆಂಪಣ್ಣ ಒಳ್ಳೆಯವನು, ಆದರೆ ಬಿಚ್ಚಿ ಬಿಡಿಭಾಗವಾಗಿ ಮಾರುವವನು. ಕೆಟ್ಟ ಎಂಜಿನ್ನಿನ ಗಾಡಿಗೆ ಕಬ್ಬಿಣದ ರೇಟು ಹಾಕುತ್ತಾನೆ. ಆಗ ಮಹದೇವಸ್ವಾಮಿಗೆ ನನ್ನ ನೆನಪಾಯಿತು. ರಿಪೇರಿಗಲ್ಲ. ಚೌಕಾಸಿಗೆ.

"ರಾಚಣ್ಣ, ನಿನ್ ಷೆಡ್ತಾವ್ಕೇ ತತ್ತೀನಿ ಗಾಡಿಯ. ಕೆಂಪಣ್ಣನೂ ಅಲ್ಲಿಗೇ ಬತ್ತಾನೆ. ನೀನ್ ವಸಿ ಬಾಯ್ ಬುಟ್ರೆ ಇನ್ನೊಂದ್ ನಾಕ್ ಕಾಸ್ ಏರುಸ್ತಾನೆ" ಎಂದು ಫೋನು ಮಾಡಿದರು.

ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಮಹದೇವಸ್ವಾಮಿ ಇಳಿದರು, ರತ್ನಮ್ಮ ಇಳಿಯಲಿಲ್ಲ. ಎಡಗಡೆ ಸೀಟಿನಲ್ಲಿ ಸೆರಗು ಹೊದ್ದು, ಮುಂದಕ್ಕೆ ನೋಡಿಕೊಂಡು ಕೂತೇ ಇದ್ದರು. ಟೀ ಕೂಡ ಅಲ್ಲಿಗೇ ತರಿಸಿಕೊಂಡರು.

ಕೆಂಪಣ್ಣ ಬಸ್ಸಿನಲ್ಲಿ ಬರುವವನು, ಹೋಗುವಾಗ ಈ ಗಾಡಿಯನ್ನೇ ಓಡಿಸಿಕೊಂಡು ಹೋಗುವವನು. ಅವನು ಬರುವ ಮುಂಚೆ ನನಗೆ ಎಂಜಿನ್ನಿನ ನಿಜ ಸ್ಥಿತಿ ಗೊತ್ತಿರಬೇಕಿತ್ತು. ಗೊತ್ತಿಲ್ಲದ ಮಾಲಿಗೆ ಬಾಯಿ ಬಿಡುವವನು ಒಂದೋ ಸುಳ್ಳನಾಗುತ್ತಾನೆ, ಇಲ್ಲ ದಡ್ಡನಾಗುತ್ತಾನೆ. ಎರಡೂ ವ್ಯಾಪಾರಕ್ಕೆ ಆಗದು.

ಕೀ ತೆಗೆದು ನೋಡಿದೆ, ಮುಳ್ಳು ಮಲಗಿತು. ಎಣ್ಣೆ ಕಡ್ಡಿ ಎಳೆದು ನೋಡಿದೆ, ಎಣ್ಣೆ ಗುರುತಿನವರೆಗೂ ಇದೆ, ಬೆರಳಿಗೆ ಸವರಿ ನೋಡಿದರೆ ಅದರಲ್ಲಿ ಲೋಹದ ಮಿನುಗು ಇಲ್ಲ. ಸ್ಟಾರ್ಟ್ ಮಾಡಿಸಿ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡೆ. ಹಳೇ ಎಂಜಿನ್ನೇ, ಆದರೆ ಸವೆದ ಬೇರಿಂಗಿನ ಬಡಿತ ಎಲ್ಲೂ ಇಲ್ಲ. ಬಿಸಿಯಾಗಲು ಬಿಟ್ಟೆ. ಸೆನ್ಸರ್ ಬಿಚ್ಚಿ ಆ ತೂತಿಗೆ ನನ್ನ ಕೈಗೇಜು ತಿರುಗಿಸಿ ಮತ್ತೆ ಓಡಿಸಿದೆ. ನಿಧಾನಕ್ಕೆ ಓಡುವಾಗ ಎಷ್ಟು ಬೇಕೋ ಅಷ್ಟು, ಆಕ್ಸಿಲೇಟರ್ ಒತ್ತಿದಾಗ ಏರಬೇಕಾದಷ್ಟು ಏರಿತು. ಗೇಜಿನ ಮುಳ್ಳು ಗುಂಡುಕಲ್ಲಿನ ಹಾಗೆ ನಿಂತಿತು. ಅಲ್ಲಿಗೆ ಎಂಜಿನ್ ಚೆನ್ನಾಗಿದೆ.

ತಲೆ ಎತ್ತುತ್ತೇನೆ, ಕೆಂಪಣ್ಣ ಬಂದು ನನ್ನ ಹಿಂದೆಯೇ ನಿಂತಿದ್ದಾನೆ. ಕೈಗೇಜು ನೋಡಿ ನಕ್ಕ. ಇದೇನೋ ನಿಮ್ಮದೇ ಗೇಜು ರಾಚಣ್ಣ, ನೀವು ಹೇಳಿದ್ದನ್ನೇ ತೋರಿಸುತ್ತದೆ, ಗಾಡಿಯ ಮುಳ್ಳು ಏನು ಹೇಳುತ್ತದೆ ನೋಡೋಣ ಎಂದ. ಅವನ ಮಾತಿನಲ್ಲಿ ನ್ಯಾಯ ಇತ್ತು. ಎಂಜಿನ್ ಚೆನ್ನಾಗಿದ್ದೂ ಮುಳ್ಳು ಯಾಕೆ ಕುಣಿಯುತ್ತದೆ ಎಂದು ನಾನು ತೋರಿಸದೆ ಹೋದರೆ ಅವನು ಕಬ್ಬಿಣದ ರೇಟಿನಿಂದ ಮೇಲೆ ಏಳಬೇಕಾಗಿರಲಿಲ್ಲ. ಕೊಟ್ಟ ಮಾತಿನಂತೆ ಗಾಡಿ ಮಧ್ಯಾಹ್ನದೊಳಗೆ ಅವನ ಅಂಗಳದಲ್ಲಿ ಬಿಚ್ಚಲು ಬಿದ್ದಿರುತ್ತಿತ್ತು.

ಸೆನ್ಸರ್ ಮತ್ತೆ ಹಾಕಿದೆ. ಮುಳ್ಳು ಮತ್ತೆ ಕುಣಿಯಿತು. ತಂತಿ ಕಳಚಿದರೆ ಒಂದು ತುದಿಗೆ, ತಂತಿಯನ್ನು ಬಾಡಿಯ ಕಬ್ಬಿಣಕ್ಕೆ ಮುಟ್ಟಿಸಿದರೆ ಇನ್ನೊಂದು ತುದಿಗೆ ಸರಿಯಾಗಿಯೇ ಓಡುತ್ತಿತ್ತು. ಅಂದರೆ ಮೀಟರೂ ಸರಿ, ತಂತಿಯೂ ಸರಿ. ಎಲ್ಲರೂ ಸರಿ, ಆದರೂ ಸುಳ್ಳು. ನಾನು ಸ್ವಲ್ಪ ಹೊತ್ತು ಬಂಪರ್ ಮೇಲೆ ಕೂತೆ. ಉಸ್ತಾದರ ಹಾಗೆ ಡ್ರೈವರನ್ನು ಕೇಳುತ್ತಾ ಹೋದೆ. ಏರಿನಲ್ಲಾ, ತಿರುವಿನಲ್ಲಾ, ಲೋಡು ಇದ್ದಾಗಲಾ? ಮಹದೇವಸ್ವಾಮಿ ಎಲ್ಲದಕ್ಕೂ ಹೌದು ಎಂದರು. ಬೇಸತ್ತವರು ಹಾಗೇ ಹೇಳುವುದು.

ಒಳಗಿನಿಂದ ರತ್ನಮ್ಮ ಮುಂದಕ್ಕೆ ನೋಡಿಕೊಂಡೇ ಹೇಳಿದರು. "ಆರನ್ ಒಡುದ್ರೆ ಮುಳ್ಳು ಬೀಳ್ತದೆ ಕಣಣ್ಣ."

"ಆರನ್ಗೂ ಎಣ್ಣೆಗೂ ಯಾವ್ ಊರ್ ನೆಂಟಸ್ತನ ಅಮ್ಮಿ? ಸುಮ್ಕಿರು" ಎಂದರು ಮಹದೇವಸ್ವಾಮಿ.

"ನೆಂಟಸ್ತನ ನಂಗೊತ್ತಿಲ್ಲ. ಬೀಳದು ಗೊತ್ತು. ನೀನ್ ರಸ್ತೆ ನೋಡ್ತೀಯ, ನಾನ್ ಕುಂತ್ಕಂಡು ಇನ್ನೇನ್ ನೋಡ್ಲಿ? ಲೈಟ್ ಆಕುದ್ರೂ ಬೀಳ್ತದೆ."

ಹೊಸಬರೇ, ಈ ಜಾಗದಲ್ಲಿ ಒಂದು ಗುರುತು ಹಾಕಿಕೊಳ್ಳಿ. ಡ್ರೈವರನ್ನು ಕೇಳಿ, ಬೇಡ ಎನ್ನುವುದಿಲ್ಲ. ಆದರೆ ಪಕ್ಕದ ಸೀಟಿನಲ್ಲಿ ಕೂರುವವರು ಯಾರು ಎಂದು ವಿಚಾರಿಸಿ ಅವರನ್ನೂ ಕೇಳಿ. ಡ್ರೈವರಿಗೆ ಗಾಡಿಯ ಮೇಲೆ ಅಭಿಪ್ರಾಯ ಇರುತ್ತದೆ. ಪಕ್ಕದವರಿಗೆ ಕಣ್ಣು ಇರುತ್ತದೆ.

ನಾನು ಎಂಜಿನ್ ಓಡುತ್ತಿರುವಾಗಲೇ ಕೈ ಚಾಚಿ ಹಾರ್ನ್ ಒತ್ತಿದೆ. ಮುಳ್ಳು ತಲೆ ತಗ್ಗಿಸಿತು. ಬಿಟ್ಟೆ, ಎದ್ದಿತು. ಲೈಟು ಹಾಕಿದೆ, ತಗ್ಗಿತು. ಎಣ್ಣೆ ಹಾರ್ನಿಗೆ ಹೆದರುವುದಿಲ್ಲವಲ್ಲ, ಹೆದರುವುದು ಕರೆಂಟು. ಎಂಜಿನ್ನಿನಿಂದ ಬಾಡಿಯ ಕಬ್ಬಿಣಕ್ಕೆ ಒಂದು ದಪ್ಪ ಪಟ್ಟಿ ಬಿಗಿದಿರುತ್ತಾರೆ, ಅರ್ತ್ ಪಟ್ಟಿ ಎನ್ನುತ್ತೇವೆ. ಹಾರ್ನು, ಲೈಟು, ಸೆನ್ಸರು, ಎಲ್ಲರ ಕರೆಂಟೂ ಓಡಾಡುವ ಹೆದ್ದಾರಿ ಅದು. ಅದು ಕಿರಿದಾದರೆ ಒಬ್ಬರು ನುಗ್ಗಿದಾಗ ಇನ್ನೊಬ್ಬರು ಪಕ್ಕಕ್ಕೆ ಬೀಳುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಗೊಣಗುತ್ತಿದ್ದದ್ದೂ ಇದಕ್ಕೇ, ಪಾಪ, ಬ್ಯಾಟರಿಯ ತಪ್ಪೇನೂ ಇರಲಿಲ್ಲ. ಒಂದು ದಪ್ಪ ತಂತಿ ತಂದು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿಗೆ ಹಿಡಿದೆ. ಕೆಂಪಣ್ಣನಿಗೇ ಹಾರ್ನ್ ಒತ್ತಲು ಹೇಳಿದೆ. ಅವನು ಒತ್ತಿದ, ಮತ್ತೆ ಒತ್ತಿದ. ಮುಳ್ಳು ಅಲ್ಲಾಡಲಿಲ್ಲ.

ಗಾಡಿಯ ಅಡಿಗೆ ತೂರಿಕೊಂಡೆ. ಪಟ್ಟಿ ಇತ್ತು, ಬೋಲ್ಟೂ ಬಿಗಿಯಾಗಿಯೇ ಇತ್ತು. ಆದರೆ ಪಟ್ಟಿ, ಅದರ ಕೆಳಗಿನ ಜಾಗ, ವಾಷರು, ಎಲ್ಲ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿದ್ದವು. ಆಗಲೇ ಕಣ್ಣು ಬಿಟ್ಟು ನೋಡಿದೆ. ಎಂಜಿನ್ನೇ ಪೂರ್ತಿ ಬೆಳ್ಳಿ ಬಣ್ಣ.

"ಬಣ್ಣ ಯಾವಾಗ ಒಡುಸ್ದೆ ಮಾದೇವಣ್ಣ?"

"ಒಡುಸೋದೇನು, ನಾನೇ ಒಡುದ್ದು. ಆಯುದ್ಪೂಜೆಗೆ" ಎಂದರು ಹೆಮ್ಮೆಯಿಂದ. "ಒಂದೊಂದೇ ಬಿಚ್ಚಿ ಡೀಸೆಲ್ನಲ್ ತೊಳ್ದು, ಸಿಲ್ವರ್ ಪೇಂಟ್ ಒಡುದು, ಒಣಗ್ಸಿ ಆಕಿದ್ದೀನಿ. ಎಲ್ಲೂ ಒಂದ್ ಸಾಸ್ವೆಯಷ್ಟು ಜಾಗ ಬುಟ್ಟಿಲ್ಲ."

ಅದೇ ತೊಂದರೆಯಾಗಿತ್ತು. ಆಯುಧಪೂಜೆಗೆ ನಮ್ಮ ಕಡೆ ಗಾಡಿ ತೊಳೆದು ಕುಂಕುಮ ಇಟ್ಟು ಬಾಳೆಕಂದು ಕಟ್ಟುತ್ತಾರೆ, ಬಹಳವಾದರೆ ಬಂಪರಿಗೆ ಬಣ್ಣ ಬಳಿಯುತ್ತಾರೆ. ಪಾತ್ರೆ ಬೆಳಗಿ ಬೆಳಗಿ ಅಭ್ಯಾಸವಾದ ಮಹದೇವಸ್ವಾಮಿಗೆ ಅಷ್ಟು ಸಾಕಾಗಿರಲಿಲ್ಲ. ಎಂಜಿನ್ನೂ ಕೊಳಗದ ಹಾಗೆ ಹೊಳೆಯಬೇಕಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕಾದ ಜಾಗದಲ್ಲಿ ಬಣ್ಣದ ಪದರ ಕೂತಿತು. ಮೊದಮೊದಲು ಬೋಲ್ಟಿನ ಸುತ್ತುಗೀರುಗಳ ಮೂಲಕ ಕರೆಂಟು ಹೇಗೋ ನಡೆಯಿತು. ಪಾತ್ರೆ ಹೊತ್ತು ಹಳ್ಳ ದಿಣ್ಣೆ ಕುಲುಕಿದಂತೆಲ್ಲ ಆ ದಾರಿಯೂ ಕಿರಿದಾಗುತ್ತಾ ಬಂತು. ನಲವತ್ತು ವರ್ಷದ ಹತ್ತಿರ ಗಾಡಿ ನೋಡಿದ್ದೇನೆ, ಆರೈಕೆ ಇಲ್ಲದೆ ಕೆಟ್ಟವೇ ಎಲ್ಲ. ಆರೈಕೆ ಹೆಚ್ಚಾಗಿ ಕಾಯಿಲೆ ಬಿದ್ದದ್ದು ಇದೊಂದೇ.

ಕೆರೆಯಬೇಕು ಎಂದಾಗ ಮಹದೇವಸ್ವಾಮಿಯ ಮುಖ ಸಣ್ಣಗಾಯಿತು. ಎಷ್ಟು ಕೆರೆಯುತ್ತೀಯ ಎಂದು ಕೇಳಿದರು. ಮಾರುವ ಗಾಡಿಯ ಬಣ್ಣಕ್ಕೆ ಮರುಗುವುದು ನೋಡಿ ನನಗೆ ನಗು ಬಂತು, ಆದರೆ ನಗಲಿಲ್ಲ. ಪಟ್ಟಿಯ ಎರಡೂ ತುದಿಯಲ್ಲಿ ಒಂದು ವಾಷರಿನ ಅಗಲ ಮಾತ್ರ, ಕಬ್ಬಿಣ ಕಾಣುವ ತನಕ ಕೆರೆದು, ಬಿಗಿದು, ನೀರು ಇಳಿಯದ ಹಾಗೆ ಮೇಲೆ ಗ್ರೀಸು ಸವರಿದೆ. ಸ್ಟಾರ್ಟ್ ಮಾಡಿದರೆ ಕೀ ತಿರುಗಿಸುವುದೇ ತಡ, ಎದ್ದಿತು. ಲೈಟು, ಹಾರ್ನು, ವೈಪರು, ಎಲ್ಲ ಒಟ್ಟಿಗೆ ಹಾಕಿದರೂ ಮುಳ್ಳು ನಿಂತ ಜಾಗ ಬಿಡಲಿಲ್ಲ.

ಈಗ ನನ್ನ ನಿಜವಾದ ಕೆಲಸ ಶುರುವಾಯಿತು. ಗಂಡ ಹೆಂಡತಿ ಇಬ್ಬರಿಗೂ ಗಾಡಿ ಬಿಡಲು ಮನಸ್ಸಿಲ್ಲ ಎಂದು ನನಗೆ ಹೊಳೆದಿತ್ತು. ಕೊಟ್ಟ ಮಾತಿನಿಂದ ಮಹದೇವಸ್ವಾಮಿ ಹಿಂದೆ ಸರಿಯುವ ಜನವಲ್ಲ. ಆದರೆ ಮಾತು ಕೊಟ್ಟದ್ದು ಸತ್ತ ಎಂಜಿನ್ನಿನ ಗಾಡಿಗೆ. ಇದು ಬದುಕಿರುವ ಗಾಡಿ, ಇದಕ್ಕೆ ಹೊಸ ಬೆಲೆ ಎಂದು ಕೆಂಪಣ್ಣನಿಗೆ ಹೇಳಿ, ಅವನು ತಾನಾಗಿಯೇ ಎದ್ದು ಹೋಗುವಂಥ ಬೆಲೆಯನ್ನು ಬೇಕೆಂದೇ ಕೂಗಿದೆ. ನನ್ನ ಲೆಕ್ಕ ಅಲ್ಲಿ ತಪ್ಪಿತು. ಕೆಂಪಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ, ಹೊಳೆಯುವ ಎಂಜಿನ್ ನೋಡಿದ, ಗಲ್ಲ ಕೆರೆದುಕೊಂಡ. ಸರಿ, ಬಿಚ್ಚುವುದಿಲ್ಲ, ಹೀಗೇ ಓಡಿಸಲು ಗಿರಾಕಿ ಇದ್ದಾರೆ, ನೀವು ಹೇಳಿದಷ್ಟಕ್ಕೇ ಆಗಲಿ ಎಂದುಬಿಟ್ಟ.

ನಾನು ಜೀವಮಾನದಲ್ಲಿ ಕುದುರಿಸಿದ ಅತಿ ಒಳ್ಳೆಯ ವ್ಯಾಪಾರ ಅದು. ಕುದುರಿದ ಕೂಡಲೇ ಯಾಕಾದರೂ ಕುದುರಿತೋ ಎನಿಸಿತು. ಮಹದೇವಸ್ವಾಮಿ ನನ್ನನ್ನು ನೋಡಿದರು. ಇಬ್ಬರೂ ತಿರುಗಿ ಎಡಗಡೆ ಸೀಟಿನ ಕಡೆ ನೋಡಿದೆವು.

"ಇಳ್ಯವ್ವ, ಯಾಪಾರ ಆಯ್ತು" ಎಂದ ಕೆಂಪಣ್ಣ, ಮೆತ್ತಗೆ.

ರತ್ನಮ್ಮ ಟೀ ಲೋಟವನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟು ಕೆಂಪಣ್ಣನ ಕಡೆ ತಿರುಗಿದರು. "ಗಾಡಿಗ್ ರೇಟ್ ಏಳ್ದೆ. ನಂಗೆಷ್ಟು?"

"ನಿಂಗ್ಯಾಕವ್ವ ರೇಟು?"

"ನಾನ್ ಇಳ್ಯಕಿಲ್ವಲ್ಲ. ಇದರ್ ಜೊತೆ ನಾನೂ ಬತ್ತೀನಿ, ಸೇರ್ಸಿ ಏಳು. ಬಾಡ್ಗೆ ಗಾಡಿಯೋನು ನಾವ್ ಕೊಳಗ ತೊಳ್ಯೋಗಂಟ ಕಾಯ್ತಾನೇನಪ್ಪ? ಉಂಡೋರ್ ಎಲ್ಲ ಓದ್ಮೇಲೆ ತೊಳ್ಯೋರ್ ನಾವು. ಈ ಗಾಡಿ ಕಾಯ್ತದೆ."

ಮಹದೇವಸ್ವಾಮಿ ನಿಧಾನಕ್ಕೆ ಬಾನೆಟ್ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಗ್ರೀಸಿನ ಬೆರಳಚ್ಚು ಒರೆಸಿದರು. ಆಮೇಲೆ ಕೆಂಪಣ್ಣನಿಗೆ ಕೈ ಮುಗಿದು, ತಪ್ಪು ತಿಳಿಯಬೇಡ ಎಂದರು. ಕೆಂಪಣ್ಣನೂ ಹೆಂಡತಿ ಇರುವ ಮನುಷ್ಯ. ಇಷ್ಟು ರೇಟು ನನ್ನ ಕೈಲಿ ಆಗಲ್ಲ ಬಿಡಣ್ಣ ಎಂದು ನಕ್ಕುಬಿಟ್ಟ. ಅವನಿಗೆ ವಾಪಸ್ಸು ಹೋಗಲು ಗಾಡಿ ಇರಲಿಲ್ಲ, ಬಸ್ಸು ಆಗಷ್ಟೇ ಹೋಗಿತ್ತು. ಹೇಗೂ ನಂಜನಗೂಡು ರಸ್ತೆಯಲ್ಲಿ ಒಂದು ಬೀಗರೂಟದ ಮನೆಯಿಂದ ಪಾತ್ರೆ ತರಬೇಕು, ಬಿಟ್ಟುಬರುತ್ತೇವೆ ಹತ್ತು ಎಂದು ಮಹದೇವಸ್ವಾಮಿ ಕರೆದರು. ರತ್ನಮ್ಮ ನಡುವಿಗೆ ಸರಿದು ಕಿಟಕಿಯ ಜಾಗ ಬಿಟ್ಟುಕೊಡಲಿಲ್ಲ. ಕೆಂಪಣ್ಣ ಹಿಂದುಗಡೆ ಹತ್ತಿ ಕಂಬಿ ಹಿಡಿದು ನಿಂತ.

ಸಂಜೆ ಅವನ ಫೋನು ಬಂತು. ಬೇಜಾರಾಗಿರಬಹುದು, ಸಮಾಧಾನ ಹೇಳೋಣ ಎಂದು ಎತ್ತಿದೆ.

"ರಾಚಣ್ಣ, ಬೀಗ್ರೂಟದ್ ಮನೇಲಿ ಊಟಕ್ಕಾಕುದ್ರು. ಚೆಂದಾಗಿತ್ತು. ಉಂಡ್ಮೇಲೆ ಸುಮ್ಕೆ ನಿಂತವ್ನೆ ಅಂತ ಆಯಮ್ಮ ನನ್ ಕೈಲಿ ಅಷ್ಟೂ ಕೊಳಗವ ಗಾಡಿಗೆತ್ತಾಕುಸ್ತು" ಎಂದ.

ಗಾಡಿ ಹೇಗೆ ಓಡಿತು ಎಂದು ಕೇಳಿದೆ.

"ಗಾಡಿಗೇನ್ ಕಣಣ್ಣ, ಕುದ್ರೆ ಕುದ್ರೆ. ನನ್ ಸೊಂಟವೇ ಇಡ್ಕೊಂಡದೆ."